ಅಳದಂಗಡಿಯ ತೋಡುಗಳ ಬೆನ್ನುಹತ್ತಿ

ಕೊರಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೇತುಹಾಕಿದ ಮೊಬೈಲು, ಕಂಕುಳಲ್ಲಿ ಕೊಡೆ, ಕೈಯಲ್ಲಿ ಅಳತೆಯ ಟೇಪು. ಈ ವೇಷದಲ್ಲಿ ಮಳೆಗಾಲದ ಗದ್ದೆ ಹುಣಿಯ ಮೇಲೆ ನಡೆಯುವವನನ್ನು ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯವರು ಮೊದಲು ಕೇಳುವುದು, "ಯಾವ ಸರ್ವೆ ಸಾರ್, ರಸ್ತೆಯದ್ದಾ, ಕರೆಂಟ್ ಲೈನಿನದ್ದಾ?" ಎಂದು. ಎರಡೂ ಅಲ್ಲ, ನೀರು ಹರಿಯುವ ತೋಡಿನದ್ದು ಎಂದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ. ಅಳದಂಗಡಿ ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಒಬ್ಬರು ನೇರವಾಗಿ ಹೇಳಿಯೇಬಿಟ್ಟರು: "ತೋಡಿಗೆ ಎಂತ ಸರ್ವೆ ಮಾರಾಯ್ರೆ? ಅದು ಓಡಿಹೋಗ್ತದಾ? ಇಲ್ಲೇ ಉಂಟಲ್ಲ."

ಇಲ್ಲೇ ಉಂಟು, ನಿಜ. ಆದರೆ ತಲೆಯಿಂದ ಬುಡದವರೆಗೆ ಅದನ್ನು ತೋರಿಸುವ ಒಂದೇ ಒಂದು ನಕ್ಷೆ ನನಗೆ ಸಿಕ್ಕಿಲ್ಲ. ಕಂದಾಯದ ನಕ್ಷೆಯಲ್ಲಿ ಅರ್ಧ, ಟೋಪೋಶೀಟಿನಲ್ಲಿ ಕಾಲು, ಮೊಬೈಲಿನ ನಕ್ಷೆಯಲ್ಲಿ ಸೊನ್ನೆ. ಉಳಿದದ್ದು ಊರವರ ನೆನಪಿನಲ್ಲಿದೆ, ಆ ನೆನಪಿಗೂ ಈಗ ಎಪ್ಪತ್ತು ದಾಟಿದೆ.

ಗುರುವಾಯನಕೆರೆಯಿಂದ ನಾರಾವಿಯ ಕಡೆಗೆ ಹೋಗುವ ರಸ್ತೆಯಲ್ಲಿ ಅಳದಂಗಡಿ ಒಂದು ಸಣ್ಣ ಪೇಟೆ. ಅಜಿಲ ಅರಸುಮನೆತನದ ಅರಮನೆ ಇರುವುದು ಇಲ್ಲಿ. ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲ ಅದೇ ಮನೆತನದವನು. ವೇಣೂರಿಗೆ ಬರುವ ಪ್ರವಾಸಿಗರು ಗೊಮ್ಮಟನನ್ನು ಕಂಡು, ಪಕ್ಕದಲ್ಲೇ ಹರಿಯುವ ಫಲ್ಗುಣಿಯತ್ತ ಒಂದು ನೋಟ ಹಾಯಿಸಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಸ್ಸು ಹತ್ತುತ್ತಾರೆ. ನನಗೆ ಬೇಕಾಗಿದ್ದದ್ದು ಆ ಫಲ್ಗುಣಿಗೆ ಅಳದಂಗಡಿ, ಸುಲ್ಕೇರಿ, ಪಿಲ್ಯದ ಗುಡ್ಡೆಗಳಿಂದ ನೀರು ತಂದು ಸುರಿಯುವ ತೋಡುಗಳು. ಅವಕ್ಕೆ ಸರ್ಕಾರಿ ಹೆಸರಿಲ್ಲ. ಯಾರ ಮನೆಯ ಕೆಳಗೆ ಹರಿಯುತ್ತದೋ ಆ ಮನೆಯ ಹೆಸರು, ನಾಲ್ಕು ಗದ್ದೆ ದಾಟಿದರೆ ಇನ್ನೊಂದು ಮನೆಯ ಹೆಸರು. ನನ್ನ ಜೊತೆಗೆ ಅದೇ ಊರಿನ ಒಬ್ಬ ಕಾಲೇಜು ಹುಡುಗನಿದ್ದ. ತುಳುವಿನಲ್ಲಿ ದಾರಿ ಕೇಳಲಿಕ್ಕೆ ಮತ್ತು ನಾಯಿಗಳನ್ನು ಸಮಾಧಾನ ಮಾಡಲಿಕ್ಕೆ ಅವನಿಲ್ಲದೆ ಈ ಕೆಲಸ ನಡೆಯುತ್ತಿರಲಿಲ್ಲ.

ವಿಚಿತ್ರವೆಂದರೆ, ನಕ್ಷೆಯ ಚರಿತ್ರೆಯಲ್ಲಿ ಇದು ಅಪರಿಚಿತ ಸೀಮೆಯೇನಲ್ಲ. ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮೊದಲ ಅಡಿಗೆರೆ ಅಳೆದು, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದನ್ನು ಅಳೆದು, ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಮಂಗಳೂರಿನವರೆಗೆ ಬಂದ. ಘಟ್ಟದ ಅಂಚಿನ ಬಲ್ಲಾಳರಾಯನದುರ್ಗ ಅವನ ಠಾಣೆಗಳಲ್ಲಿ ಒಂದು. ಆ ದುರ್ಗದ ಕೆಳಗೆ ಬಿದ್ದುಕೊಂಡಿರುವುದೇ ಬೆಳ್ತಂಗಡಿ ತಾಲೂಕು. ಮದ್ರಾಸಿನಿಂದ ಮಂಗಳೂರಿಗೆ ಇರುವ ಅಗಲ ಅಲ್ಲಿಯತನಕ ನಂಬಿದ್ದಂತೆ 400 ಮೈಲಿಯಲ್ಲ, ಸುಮಾರು 360 ಮೈಲಿ ಎಂದು ಅವನ ಲೆಕ್ಕ ತೋರಿಸಿತು. ಪರ್ಯಾಯ ದ್ವೀಪದ ನಲವತ್ತು ಮೈಲಿ ಅಗಲವನ್ನು ಕಡಿಮೆ ಮಾಡಿದ ಗೆರೆ 13ನೇ ಅಕ್ಷಾಂಶದ ಆಸುಪಾಸಿನದು, ನಮ್ಮ ತಾಲೂಕನ್ನು ಸೀಳಿಕೊಂಡೇ ಹೋಗುತ್ತದೆ. ಅದರ ಕೆಳಗಿನ ತೋಡುಗಳು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಆ 13ರ ಗೆರೆಯಿಂದ ನನಗಾದ ತೊಂದರೆ ಬೇರೆಯದು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಟೋಪೋಶೀಟುಗಳನ್ನು ಹದಿನೈದು ಮಿನಿಟಿನ ಚೌಕಗಳಾಗಿ ಕತ್ತರಿಸಿದ್ದಾರೆ. ಹಾಗಾಗಿ 13 ಡಿಗ್ರಿಯಲ್ಲಿ ಒಂದು ಹಾಳೆ ಮುಗಿದು ಇನ್ನೊಂದು ಶುರುವಾಗುತ್ತದೆ. ಉದ್ದಕ್ಕೆ 75 ಡಿಗ್ರಿ 15 ಮಿನಿಟಿನ ಗೆರೆಯೂ ತಾಲೂಕಿನೊಳಗೇ ಬರುತ್ತದೆ. ನಾರಾವಿ ಒಂದು ಹಾಳೆಯಲ್ಲಿ, ಚಾರ್ಮಾಡಿ ಮತ್ತೊಂದರಲ್ಲಿ, ಧರ್ಮಸ್ಥಳ ಮಗದೊಂದರಲ್ಲಿ. ನಾಲ್ಕು ಹಾಳೆ ಜೋಡಿಸಿ ಅಂಟಿಸದೆ ತಾಲೂಕಿನ ನೀರು ಎತ್ತ ಹೋಗುತ್ತದೆಂದು ಕಾಣುವುದಿಲ್ಲ. ವರ್ಷವಿಡೀ ನೀರಿರುವ ಹೊಳೆಗೆ ನೀಲಿ, ಬೇಸಗೆಯಲ್ಲಿ ಒಣಗುವುದಕ್ಕೆ ಕಪ್ಪು ಎಂಬುದು ಆ ಹಾಳೆಗಳ ಕಟ್ಟಳೆ. ನಾನು ನಡೆದ ತೋಡುಗಳಲ್ಲಿ ಕೆಲವಕ್ಕೆ ಕಪ್ಪು ಗೆರೆಯಿತ್ತು, ಹೆಚ್ಚಿನವಕ್ಕೆ ಯಾವ ಗೆರೆಯೂ ಇರಲಿಲ್ಲ. 1:50,000 ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ನಾಲ್ಕಡಿ ಅಗಲದ ತೋಡಿಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಈಗ ಉಪಗ್ರಹ ಇದೆಯಲ್ಲ ಎನ್ನಬಹುದು. ನಾನೂ ಅಲ್ಲಿಂದಲೇ ಶುರುಮಾಡಿದ್ದು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ನೆಲದ ಎತ್ತರ ಅಳೆಯಿತು. ಆ ಲೆಕ್ಕ ಈಗ ಯಾರಿಗೂ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರಿಗೆ ಅದನ್ನು ಊಡಿಸಿದರೆ ನೀರು ಎಲ್ಲಿ ಇಳಿಯುತ್ತದೆಂದು ತಾನೇ ಗೆರೆ ಎಳೆದು ಕೊಡುತ್ತದೆ. ಆದರೆ ಅದರ ಒಂದು ಚೌಕ ಸುಮಾರು 30 ಮೀಟರಿನದು, ನಮ್ಮ ಲೆಕ್ಕದಲ್ಲಿ 22 ಸೆಂಟ್ಸ್ ಜಾಗ. ಅಷ್ಟರೊಳಗೆ ಒಂದು ಮನೆ, ಬಾವಿ, ಹಟ್ಟಿ, ತೋಡು ಎಲ್ಲವೂ ಹಿಡಿಯುತ್ತವೆ. ಮತ್ತೆ, ರೇಡಾರ್ ಪೂರ್ತಿ ನೆಲವನ್ನು ಮುಟ್ಟಿ ಬಂದಿಲ್ಲ. ನಲವತ್ತು ಐವತ್ತಡಿ ಎತ್ತರದ ಅಡಿಕೆ ತೋಟ ಇದ್ದಲ್ಲಿ ತೋಟದ ತಲೆಯನ್ನೂ ಸೇರಿಸಿ ಅಳೆದಿದೆ. ನಮ್ಮಲ್ಲಿ ತೋಟ ಇರುವುದು ತೋಡಿನ ಮಗ್ಗುಲಲ್ಲೇ. ಹೀಗಾಗಿ ಕಂಪ್ಯೂಟರಿನ ಪ್ರಕಾರ ತಗ್ಗಾಗಿರಬೇಕಾದ ಜಾಗ ದಿಬ್ಬವಾಗಿ, ನೀರು ಪಕ್ಕದ ಗದ್ದೆಯಲ್ಲಿ ಹರಿಯುತ್ತದೆ. ಪರದೆಯ ಮೇಲೆ ಬಹಳ ಚೆಂದದ ನೀಲಿ ಗೆರೆ. ಹೋಗಿ ನೋಡಿದರೆ ಅಲ್ಲಿ ಒಂದು ಅಂಗಳ, ತುಳಸಿಕಟ್ಟೆ. ಉಪಗ್ರಹದ ಚಿತ್ರದಲ್ಲಂತೂ ಅಡಿಕೆ, ರಬ್ಬರಿನ ಹಸಿರು ಬಿಟ್ಟು ಮತ್ತೇನೂ ಕಾಣದು.

ಆದ್ದರಿಂದ ನಡೆಯಬೇಕು.

ಮೇಲಿನಿಂದ ಶುರುಮಾಡುವುದು ಒಳ್ಳೆಯದು. ಗುಡ್ಡೆಯ ನೆತ್ತಿಯ ಪದವು ಎಂದರೆ ಮುರಕಲ್ಲಿನ ಚಪ್ಪಟೆ ನೆಲ. ಜೂನ್ ಮೊದಲ ವಾರದ ಮಳೆಯನ್ನು ಅದು ಕುಡಿಯುತ್ತದೆ. ತೂತುತೂತಿನ ಕಲ್ಲು ತುಂಬಿದ ಮೇಲೆ, ಜುಲೈ ಹೊತ್ತಿಗೆ, ಗುಡ್ಡೆಯ ಪಕ್ಕೆಯಲ್ಲಿ ಅಲ್ಲಲ್ಲಿ ಒಸರು ಶುರು. ದರೆ ಕಡಿದ ಮನೆಗಳ ಹಿಂಬದಿಯ ಗೋಡೆಯೇ ಬೆವರುವುದನ್ನು ಕಾಣಬಹುದು. ಹಾಗಾಗಿ ತೋಡಿನ ತಲೆ ಎಲ್ಲಿ ಎಂಬ ಪ್ರಶ್ನೆಗೆ ಜೂನಿನಲ್ಲಿ ಒಂದು ಉತ್ತರ, ಆಗಸ್ಟಿನಲ್ಲಿ ಇನ್ನೊಂದು. ತಿಂಗಳು ಬರೆಯದ ನಕ್ಷೆಯನ್ನು ನಾನು ಈಗ ನಂಬುವುದಿಲ್ಲ.

ಪದವಿನಿಂದ ಇಳಿದರೆ ಬೆಟ್ಟುಗದ್ದೆ, ಅದರ ಕೆಳಗೆ ಮಜಲು, ತೀರ ಕೆಳಗೆ ಬೈಲು. ಬೆಟ್ಟಿಗೆ ಮಳೆಯ ನೀರೇ ಗತಿ, ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಏಣೆಲಿನ ಮೇಲೆ ಸುಗ್ಗಿಯೂ ಆಗುತ್ತದೆ. ಬೈಲಿನಲ್ಲಿ ಕೊಳಕೆಯನ್ನೂ ಸೇರಿಸಿ ಮೂರು. ತುಳುನಾಡಿನಲ್ಲಿ ಗದ್ದೆಯ ದರ್ಜೆ ಎಂದರೆ ಅದರ ನೀರಿನ ದರ್ಜೆ. ಜಾಗ ಬೆಟ್ಟೋ ಮಜಲೋ ಎಂದು ಕೇಳಿಕೊಂಡರೆ ಸಾಕು, ಅಲ್ಲಿ ತೋಡು ಎಷ್ಟು ತಿಂಗಳು ಬದುಕುತ್ತದೆಂದು ಅಂದಾಜು ಸಿಗುತ್ತದೆ. ಗದ್ದೆ ಈಗ ಉಳಿದಿರುವುದು ಕಡಿಮೆ. ಬೆಟ್ಟು ರಬ್ಬರಾಗಿದೆ, ಮಜಲು ಬೈಲುಗಳು ಅಡಿಕೆ ತೋಟಗಳಾಗಿವೆ. ಆದರೂ ತೋಟದ ಅಂಚಿನಲ್ಲಿ ಹಳೆಯ ಗದ್ದೆಯ ಮೆಟ್ಟಿಲು ಹಾಗೆಯೇ ಇದೆ, ನೀರು ಆ ಮೆಟ್ಟಿಲುಗಳನ್ನೇ ಇಳಿಯುತ್ತದೆ.

ಅಡಿಕೆ ತೋಟದೊಳಗೆ ಒಂದು ಹೊಸ ಸಮಸ್ಯೆ ಎದುರಾಯಿತು. ಸಾಲುಸಾಲಿನ ನಡುವೆ ತೆಗೆದ ಕಣಿಗಳಿವೆ, ಅಡಿಯಿಂದ ಏಳುವ ಒಸರನ್ನು ಬಸಿದು ಹೊರಹಾಕುವ ಉಜಿರುಕಣಿಗಳಿವೆ, ಎಲ್ಲವೂ ಕೊನೆಗೆ ತೋಡಿಗೆ. ಬೇರಿಗೆ ನೀರು ನಿಂತರೆ ಅಡಿಕೆ ಕೆಡುತ್ತದೆ, ಅದಕ್ಕೇ ಅಷ್ಟು ಮುತುವರ್ಜಿ. ಇವು ತೋಡೋ, ಚರಂಡಿಯೋ? ಅಮೆರಿಕದ ರಾಬರ್ಟ್ ಹಾರ್ಟನ್ 1945ರಲ್ಲಿ ಹೊಳೆಗಳಿಗೆ ತಲೆಮಾರಿನ ಲೆಕ್ಕ ಹಾಕಿಕೊಟ್ಟರು, ಆಮೇಲೆ ಆರ್ಥರ್ ಸ್ಟ್ರಾಲರ್ ಅದನ್ನು ಸರಳ ಮಾಡಿದರು. ಕವಲಿಲ್ಲದ ತುದಿಯ ತೊರೆ ಒಂದನೇ ದರ್ಜೆ, ಅಂಥ ಎರಡು ಸೇರಿದರೆ ಎರಡನೇ ದರ್ಜೆ, ಹೀಗೆ. ಭೂಗೋಳದ ಪಾಠದಲ್ಲಿ ಸೊಗಸಾಗಿದೆ. ಆದರೆ ಒಂದು ಎಕರೆ ತೋಟದಲ್ಲಿ ಇಪ್ಪತ್ತು ಕಣಿ ತೆಗೆದ ಊರಿನಲ್ಲಿ ಒಂದನೇ ದರ್ಜೆಯವನು ಯಾರು? ನಾವು ಒಂದು ಕಟ್ಟಳೆ ಮಾಡಿಕೊಂಡೆವು. ತೋಟದ ಯಜಮಾನ ಹಾರೆ ಹಿಡಿದು ಮುಚ್ಚಿಬಿಡಬಹುದಾದದ್ದು ಕಣಿ; ಮುಚ್ಚಿದರೆ ಮೇಲಿನ ಮನೆಯವರು ಜಗಳಕ್ಕೆ ಬರುವಂಥದ್ದು ತೋಡು. ಶಾಸ್ತ್ರಕ್ಕೆ ಇದು ಒಪ್ಪಿಗೆಯಾಗಲಿಕ್ಕಿಲ್ಲ, ಊರಿಗೆ ಒಪ್ಪಿಗೆಯಾಯಿತು.

ತೋಟದ ಯಜಮಾನರು, ಎಂಬತ್ತರ ಆಸುಪಾಸಿನವರು, ಮುಂಡಾಸು ಕಟ್ಟಿಕೊಂಡು ನಮ್ಮ ಜೊತೆಗೆ ತೋಡಿಗಿಳಿದರು. ನಡೆಯುತ್ತ ನಡೆಯುತ್ತ ಕೋಲಿನಿಂದ ತೋರಿಸಿದರು: "ಇಲ್ಲಿ ಕಟ್ಟ ಇತ್ತು. ಅಲ್ಲಿ, ಆ ಕಲ್ಲಿನ ಹತ್ತಿರ, ಇನ್ನೊಂದು." ನನಗೆ ಕಂಡದ್ದು ಪಾಚಿ ಹಿಡಿದ ನಾಲ್ಕು ಕಲ್ಲು. ಮಳೆ ನಿಂತು ತೋಡು ಸಣ್ಣದಾಗುವ ಹೊತ್ತಿಗೆ, ನವೆಂಬರ್ ಡಿಸೆಂಬರಿನಲ್ಲಿ, ಕಲ್ಲು ಮಣ್ಣು ಅಡಿಕೆಮರದ ಸಲಿಕೆ ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುತ್ತಿದ್ದರು. ನೀರು ಹಿಂದಕ್ಕೆ ನಿಂತು ಸುಗ್ಗಿ, ಕೊಳಕೆ ಬೆಳೆಗೂ ತೋಟಕ್ಕೂ ಸಿಗುತ್ತಿತ್ತು, ಸುತ್ತಲಿನ ಬಾವಿಗಳಿಗೂ ಜೀವ ಬರುತ್ತಿತ್ತು. ಜೂನಿನ ಮೊದಲ ಪ್ರವಾಹ ಅದನ್ನು ತೆಗೆದುಕೊಂಡು ಹೋಗುತ್ತಿತ್ತು, ಅಥವಾ ಊರವರೇ ಬಿಡಿಸುತ್ತಿದ್ದರು. "ಕಟ್ಟ ಹಾಕ್ಲಿಕ್ಕೆ ಮನೆಗೆ ಒಬ್ಬ ಬರಲೇಬೇಕು. ಬಾರದವನಿಗೆ ನೀರಿಲ್ಲ. ಪಂಪು ಬಂತು ನೋಡಿ, ಮತ್ತೆ ಯಾರಿಗೂ ಯಾರೂ ಬೇಡ," ಎಂದರು. ಅವರಿಗೆ ಅದರ ಬಗ್ಗೆ ದುಃಖವಿದ್ದಂತೆ ಕಾಣಲಿಲ್ಲ. ಅವರ ಮನೆಯಲ್ಲೂ ಎರಡು ಪಂಪುಗಳಿದ್ದವು.

ಈ ಕಟ್ಟಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ ಬಹಳ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಕಾಸರಗೋಡಿನ ಏತಡ್ಕದಂಥ ಊರುಗಳಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವ ರೂಢಿ ಉಳಿದದ್ದು ಕನ್ನಡ ಓದುಗರಿಗೆ ಗೊತ್ತಾದದ್ದು ಅಂಥ ಬರಹಗಳಿಂದ. ನಮ್ಮ ನಕ್ಷೆಯಲ್ಲಿ ನಾವು ಹಳೆಯ ಕಟ್ಟದ ಜಾಗಗಳಿಗೂ ಒಂದು ಗುರುತು ಇಟ್ಟೆವು. ಇವತ್ತು ಅಲ್ಲಿ ಏನೂ ಇಲ್ಲ, ಸರಿ. ಆದರೆ ನೀರು ನಿಲ್ಲಿಸಲು ಎಲ್ಲಿ ಗಟ್ಟಿ ತಳ ಇದೆ, ಎಲ್ಲಿ ದಡ ಕಿರಿದಾಗುತ್ತದೆ ಎಂಬುದನ್ನು ತಲೆಮಾರುಗಳು ಪರೀಕ್ಷೆ ಮಾಡಿಯೇ ಆರಿಸಿದ ಜಾಗ ಅದು. ಕಿಂಡಿ ಅಣೆಕಟ್ಟಿಗೆ ಸ್ಥಳ ಹುಡುಕುವವರು ಮೊದಲು ಕೇಳಬೇಕಾದದ್ದು ಈ ಅಜ್ಜಂದಿರನ್ನು. ಕಿಂಡಿ ಅಣೆಕಟ್ಟಿಗೂ ಕಟ್ಟದ ಪಂಚಾಂಗವೇ: ಮಳೆ ಹೋದ ಮೇಲೆ ಹಲಗೆ ಹಾಕಬೇಕು, ಮೇ ತಿಂಗಳಲ್ಲಿ ತೆಗೆಯಬೇಕು. ತೆಗೆಯುವವರು ಯಾರೆಂದು ನಿಗದಿಯಾಗದಿದ್ದಲ್ಲಿ ಮೊದಲ ಪ್ರವಾಹ ಹಲಗೆಗೆ ಹೊಡೆದು, ಪಕ್ಕದ ದಡ ಕೊರೆದು, ತೋಟಕ್ಕೆ ನುಗ್ಗುತ್ತದೆ. ಹಾಗೆ ದಡ ಕೊಚ್ಚಿಹೋಗಿ, ಅಣೆಕಟ್ಟು ಮಾತ್ರ ನಡುವೆ ನಿಂತ ಒಂದು ಜಾಗವನ್ನು ನೋಡಿದೆವು. ತೋಡು ಅದರ ಪಕ್ಕದಲ್ಲಿ ಹೊಸ ದಾರಿ ಹಿಡಿದಿತ್ತು. ಹೋಟೆಲಿನಲ್ಲಿ ಕೇಳಿದ ಮಾತು ನೆನಪಾಯಿತು. ತೋಡು ಓಡಿಹೋಗುತ್ತದೆ.

ಹಾಗೆ ಓಡಿಹೋದ ತೋಡು ಕಾಗದದಲ್ಲಿ ಹಳೆಯ ಜಾಗದಲ್ಲೇ ಇರುತ್ತದೆ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿದ್ದ ಸೀಮೆಯಾದ್ದರಿಂದ ನಮ್ಮ ಕಂದಾಯದ ಮಾತುಗಳೇ ಬೇರೆ: ಅಡಂಗಲ್, ವರ್ಗ, ಕುಮ್ಕಿ, ಪರಂಬೋಕು. ಸರ್ವೆ ಮಾಡಿದವರು ದೊಡ್ಡ ತೋಡುಗಳನ್ನು ತೋಡು ಪರಂಬೋಕು ಎಂದು ಸರ್ಕಾರದ ಹೆಸರಿಗೆ ಬಿಟ್ಟರು. ಸಣ್ಣವು ಯಾರದೋ ವರ್ಗದೊಳಗೆ, ಅಂದರೆ ಖಾಸಗಿ ಹಿಡುವಳಿಯೊಳಗೆ, ಸೇರಿಹೋದವು. ಈಗ ರಾಜ್ಯದ ದೂರಸಂವೇದಿ ಕೇಂದ್ರದವರ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರೂ ಗ್ರಾಮನಕ್ಷೆಯ ಗೆರೆಗಳೂ ಮೊಬೈಲಿನಲ್ಲೇ ಕಾಣುತ್ತವೆ. ಅದನ್ನು ಹಿಡಿದು ತೋಡಿನೊಳಗೆ ನಡೆದರೆ ತಮಾಷೆ. ಕಾಲು ನೀರಿನಲ್ಲಿದೆ, ಮೊಬೈಲಿನ ಪ್ರಕಾರ ನಾನು ಒಬ್ಬರ ತೋಟದಲ್ಲಿದ್ದೇನೆ. ತೋಡು ಪರಂಬೋಕು ಎಂದು ಬರೆದಲ್ಲಿ ಹತ್ತು ವರ್ಷದ ಅಡಿಕೆ ಗಿಡಗಳು ಗೊನೆ ಬಿಟ್ಟಿವೆ. ಇದೆಲ್ಲ ಒತ್ತುವರಿಯೇ ಎಂದು ಹೇಳಲಿಕ್ಕೆ ನನಗೆ ಧೈರ್ಯವಿಲ್ಲ. ಕೆಲವು ಕಡೆ ನೀರೇ ಜಾಗ ಬದಲಿಸಿದೆ. ಅಡಿಕೆಮರಗಳ ಅಡಿಯಲ್ಲಿ ಜಿಪಿಎಸ್ ಹತ್ತಿಪ್ಪತ್ತು ಅಡಿ ಆಚೀಚೆ ಓಲಾಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲವು ಕಡೆ ಮಾತ್ರ ಕಲ್ಲು ಕಟ್ಟಿ, ಮಣ್ಣು ತುಂಬಿ, ಎಂಟಡಿಯ ತೋಡನ್ನು ಮೂರಡಿಗೆ ತಂದದ್ದು ಕಣ್ಣಿಗೇ ಕಾಣುತ್ತದೆ. ಅಂಥಲ್ಲಿ ನಾವು ಹೆಸರು ಬರೆಯಲಿಲ್ಲ, ಅಗಲ ಬರೆದೆವು.

ಇನ್ನು ರಸ್ತೆ. ಈ ಬರಹದ ಮುಕ್ಕಾಲು ಪಾಲು ಅಸಮಾಧಾನ ಇರುವುದು ರಸ್ತೆಯ ಮೇಲೆಯೇ.

ಪಟ್ಟಣದ ಎಂಜಿನಿಯರುಗಳು ಮಳೆನೀರು ಚರಂಡಿ ಎಂದರೆ ಕಾಂಕ್ರೀಟಿನ ಒಂದು ಕಾಲುವೆಯನ್ನು ಕಣ್ಣೆದುರು ತಂದುಕೊಳ್ಳುತ್ತಾರೆ. ಅಳದಂಗಡಿಯಂಥ ಊರಿನಲ್ಲಿ ಅಂಥದ್ದು ಬೇರೆಯಾಗಿ ಇಲ್ಲ. ರಸ್ತೆ ಬದಿಯ ಚರಂಡಿ ಮೋರಿಗೆ, ಮೋರಿ ತೋಡಿಗೆ, ತೋಡು ಹೊಳೆಗೆ. ಎಲ್ಲ ಒಂದೇ ಸರಪಳಿ. ಆದರೆ ಕೊಂಡಿಗೊಬ್ಬ ಯಜಮಾನ. ದೊಡ್ಡ ರಸ್ತೆ ಮತ್ತು ಅದರ ಮೋರಿ ಲೋಕೋಪಯೋಗಿಗೆ, ಒಳರಸ್ತೆ ಪಂಚಾಯತಿಗೆ, ಕಿಂಡಿ ಅಣೆಕಟ್ಟು ಸಣ್ಣ ನೀರಾವರಿಗೆ, ತೋಡಿನ ಜಾಗ ಕಂದಾಯಕ್ಕೆ, ತೋಡಿನ ದಡ ತೋಟದವರಿಗೆ. ಒಬ್ಬೊಬ್ಬರ ಬಳಿಯೂ ತಮ್ಮ ತಮ್ಮ ತುಂಡಿನ ಕಾಗದ ಇರುತ್ತದೆ. ತುಂಡುಗಳನ್ನು ಹೊಲಿದು ಒಂದು ಮಾಡಿದ ಕಾಗದ ಇರುವುದಿಲ್ಲ.

ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರ್, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಒಂದು ದಿನಕ್ಕೆ 100 ಮಿಲಿಮೀಟರ್ ಎಂದರೆ ನಮಗೆ ದೊಡ್ಡ ಸುದ್ದಿಯಲ್ಲ. ಅಷ್ಟು ಮಳೆ ಒಂದು ಎಕರೆಗೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು, ಐದು ಸಾವಿರ ಲೀಟರಿನ ಎಂಬತ್ತು ಟ್ಯಾಂಕರ್. ಐವತ್ತು ಎಕರೆಯ ಗುಡ್ಡೆಯಿಂದ ಅಷ್ಟೂ ಇಳಿದು ಬರುವುದಿಲ್ಲ, ಒಂದು ಭಾಗ ಇಂಗುತ್ತದೆ. ಆದರೆ ಜುಲೈಯಲ್ಲಿ ಗುಡ್ಡೆ ಆಗಲೇ ತುಂಬಿರುತ್ತದೆ; ಮೇಲೆ ಕಾಡಿನ ಬದಲು ಅಂಗಳದ ಇಂಟರ್‌ಲಾಕ್, ಕಾಂಕ್ರೀಟ್ ರಸ್ತೆ, ತಗಡಿನ ಮಾಡು ಇದ್ದರೆ ಬಂದದ್ದು ಬಂದ ಹಾಗೆ ಇಳಿಯುತ್ತದೆ. ಆ ನೀರೆಲ್ಲ ರಸ್ತೆ ದಾಟಬೇಕಾದದ್ದು ಒಂದು ಮೋರಿಯಲ್ಲಿ.

ಹಳೆಯ ಮೋರಿಗಳು ಮುರಕಲ್ಲಿನ ಗೋಡೆ, ಮೇಲೆ ಕಲ್ಲಿನ ಚಪ್ಪಡಿ. ಒಳಗೆ ಮನುಷ್ಯ ಬಗ್ಗಿ ನುಸುಳಬಹುದು. ರಸ್ತೆ ಅಗಲ ಮಾಡಿದ ಕಡೆ ಅದರ ಜಾಗಕ್ಕೆ ಸಿಮೆಂಟ್ ಪೈಪು ಬಂದಿದೆ. ನಾಲ್ಕಡಿಯ ತೆರಪಿಗೆ ಬದಲು ಎರಡಡಿಯ ಎರಡು ಪೈಪು ಇಟ್ಟರೆ ಸಮ ಆಯಿತೆಂದು ಕಾಣುತ್ತದೆ. ಆಗುವುದಿಲ್ಲ. ನಾಲ್ಕಡಿ ವ್ಯಾಸದ ಒಂದು ಪೈಪು ತುಂಬಿ ಹರಿದಾಗ ಸಾಗಿಸುವ ನೀರನ್ನು ಅದೇ ಇಳಿಜಾರಿನಲ್ಲಿ ಸಾಗಿಸಲು ಎರಡಡಿಯವು ಆರು ಇದ್ದರೂ ಸಾಲದು, ಸ್ವಲ್ಪ ಉಳಿಯುತ್ತದೆ. ಇದು ಎಂಜಿನಿಯರಿಂಗಿನ ಮೊದಲ ಪಾಠಗಳಲ್ಲೇ ಬರುವ ಲೆಕ್ಕ. ಅದರ ಮೇಲೆ ಅಡಿಕೆಯ ಹಾಳೆ, ತೆಂಗಿನ ಮಡಲು, ತೆಂಗಿನ ಸಿಪ್ಪೆ, ಬಾಟಲಿ. ಎರಡಡಿಯ ಬಾಯಿಗೆ ಒಂದು ಮಡಲು ಅಡ್ಡ ಬಿದ್ದರೆ ಸಾಕು. ನೀರು ರಸ್ತೆಗೆ ಏರುತ್ತದೆ, ರಸ್ತೆಯನ್ನೇ ತೋಡು ಮಾಡಿಕೊಂಡು ಇಳಿಜಾರು ಹಿಡಿದು ಹೋಗುತ್ತದೆ, ಯಾರದೋ ಗೇಟಿನಲ್ಲಿ ಒಳಗೆ ತಿರುಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಕೃತಕ ನೆರೆ ಎಂಬ ಶೀರ್ಷಿಕೆ.

ಹಾಗಾಗಿ ನಾವು ಮೋರಿಗಳನ್ನು ಬಹಳ ನಿಧಾನವಾಗಿ ಬರೆದೆವು. ಅಗಲ, ಎತ್ತರ, ಪೈಪೋ ಚಪ್ಪಡಿಯೋ, ಒಳಗೆ ಹೂಳು ಎಷ್ಟು, ಮೇಲಿನ ಬಾಯಿ ತೆರೆದಿದೆಯೇ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಎಲ್ಲರೂ ತಿದ್ದಬಹುದಾದ ನಕ್ಷೆಯಲ್ಲಿ ತೋಡನ್ನು ನೀರು ಹರಿಯುವ ದಿಕ್ಕಿನಲ್ಲೇ ಎಳೆಯಬೇಕೆಂಬ ನಿಯಮವಿದೆ. ರಸ್ತೆಗೆ ಸಿಕ್ಕಿದಲ್ಲಿ ತೋಡು ಮೋರಿಯೊಳಗೆ ನುಗ್ಗಿತೋ, ರಸ್ತೆಯೇ ಸಂಕವಾಗಿ ಮೇಲೆ ಹೋಯಿತೋ ಎಂದು ಹೇಳಲೇಬೇಕು. ಈ ಸಣ್ಣ ಕಟ್ಟುನಿಟ್ಟಿನಿಂದಾಗಿ ಒಂದು ಸಂಗತಿ ಬಯಲಾಯಿತು. ಮೇಲಿನಿಂದ ಬಂದ ತೋಡುಗಳ ಗೆರೆ ರಸ್ತೆಯವರೆಗೆ ಬಂದು, ದಾಟಲಿಕ್ಕೆ ಮೋರಿಯೇ ಸಿಗದೆ ಅಲ್ಲೇ ನಿಂತುಬಿಡುವ ಜಾಗಗಳಿದ್ದವು. ಅಂಥ ಒಂದು ಕಡೆ ಹುಡುಕಿದರೆ ಮೋರಿ ಇತ್ತು, ಕಲ್ಲುಮಣ್ಣಿನಡಿ ಹೂತುಹೋಗಿ. ಅದು ಇದೆಯೆಂದು ತಿಳಿದಿದ್ದವರು ಪಕ್ಕದ ಅಂಗಡಿಯ ಅಮ್ಮ ಮಾತ್ರ: "ಮೊದಲು ಮಕ್ಕಳು ಅದರ ಒಳಗೆ ಅಡಗಿ ಕೂರ್ತಿದ್ರು." ಇಂಥ ಕೆಲಸವನ್ನು ಯಾರೂ ಮಾಡಬಹುದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಯ ನಿಯಮಗಳನ್ನು ಸಡಿಲಿಸಿದ ಮೇಲೆ ಭಾರತೀಯರು ತಮ್ಮ ನೆಲದ ನಕ್ಷೆ ತಯಾರಿಸಲು ಮುಂಚಿತ ಅನುಮತಿ ಕೇಳಬೇಕಾಗಿಲ್ಲ.

ಅಳದಂಗಡಿಯಿಂದ ದಕ್ಷಿಣಕ್ಕೆ, ಬೆಳ್ತಂಗಡಿಯ ಕಡೆಗೆ ಸಾಗಿದರೆ ದಾರಿಯಲ್ಲೊಂದು ಏರಿನಲ್ಲಿ ನೀರು ಪಾಲಾಗುತ್ತದೆ. ಈಚೆ ಬಿದ್ದದ್ದು ಫಲ್ಗುಣಿಗೆ. ಆಚೆ ಬಿದ್ದದ್ದು ಸೋಮಾವತಿಯ ಮೂಲಕ ನೇತ್ರಾವತಿಗೆ. ನೇತ್ರಾವತಿಯ ಪಾಲಿಗೆ ಬಂದ ನೀರಿನ ಹಿಂದೆ ನಾನು ಬಂಟ್ವಾಳಕ್ಕೂ ಹೋದೆ. ಅಲ್ಲಿನ ಹಳೆಯ ಪೇಟೆಯಲ್ಲಿ ತೋಡು, ಚರಂಡಿ ಎಂಬ ಮಾತಿಗೆ ಬೇರೆಯೇ ತೂಕ. 1923ರ ಮಾರಿಬೊಳ್ಳ ಎಂಬ ಮಹಾನೆರೆಯ ಕತೆಯನ್ನು ಅಜ್ಜಿಯಂದಿರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. 1974ರ ನೆರೆಯನ್ನು ಕಣ್ಣಾರೆ ಕಂಡವರು ನಿಂತ ಜಾಗದಲ್ಲೇ ಕೈ ಎತ್ತಿ, ಗೋಡೆಯಲ್ಲಿ ನೀರಿನ ಮಟ್ಟ ತೋರಿಸುತ್ತಾರೆ. ಅಲ್ಲಿ ಚರಂಡಿ ಎರಡೂ ಕಡೆಗೆ ಹರಿಯುತ್ತದೆ. ಹೊಳೆ ಏರಿದಾಗ ಪೇಟೆಯ ನೀರು ಹೊರಹೋಗದೆ ನಿಲ್ಲುತ್ತದೆ, ಇನ್ನೂ ಏರಿದರೆ ಹೊಳೆಯೇ ಚರಂಡಿಯ ದಾರಿಯಲ್ಲಿ ಪೇಟೆಗೆ ಬರುತ್ತದೆ. ನಕ್ಷೆಯಲ್ಲಿ ಬಾಣದ ಗುರುತು ಯಾವ ಕಡೆಗೆ ಹಾಕುವುದು?

ನೇತ್ರಾವತಿಯ ಮೇಲ್ಭಾಗದಲ್ಲಿ ಇದಕ್ಕೆ ಉತ್ತರ ಇನ್ನೂ ಕಠಿಣ. 2019ರ ಆಗಸ್ಟ್ 9ರಂದು ಚಾರ್ಮಾಡಿಯ ಬುಡದ ಊರುಗಳಿಗೆ ಘಟ್ಟದಿಂದ ಇಳಿದದ್ದು ಬರೀ ನೀರಲ್ಲ, ಮರ, ಬಂಡೆ, ಮರಳು. ಸೇತುವೆಗಳು ಹೋದವು, ತೋಟಗಳ ಮೇಲೆ ಮರಳು ಹಾಸಿಕೊಂಡಿತು. ಅಲ್ಲಿ ಹರಿಯುವ ಮೃತ್ಯುಂಜಯ ಹೊಳೆ ಕೆಲವು ಕಡೆ ಹೊಸ ದಾರಿ ಮಾಡಿಕೊಂಡಿತು. ಅಲ್ಲಿಯವರಿಗೆ ಆ ಮೊದಲಿನ ತೋಡುಗಳ ಸರಿಯಾದ ನಕ್ಷೆ ಇದ್ದಿದ್ದರೆ ನೆರೆ ತಪ್ಪುತ್ತಿತ್ತೆಂದು ಹೇಳುವುದು ಸುಳ್ಳು. ಆದರೆ ತೋಡು ಎಲ್ಲಿತ್ತು, ಎಷ್ಟು ಅಗಲವಿತ್ತು, ಯಾರ ಜಾಗ ಎಷ್ಟು ಹೋಯಿತು ಎಂದು ಆಮೇಲೆ ವಾದ ಮಾಡುವ ಕಷ್ಟ ತಪ್ಪುತ್ತಿತ್ತು.

ಬಂಟ್ವಾಳ ತಾಲೂಕಿನಲ್ಲೇ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಗುಡ್ಡೆಗೆ ಅಡ್ಡಡ್ಡ ಸುರಂಗ ಕೊರೆದು, ಹಲವು ಸಲ ನೀರು ಸಿಗದೆ, ಬಿಡದೆ ಮತ್ತೆ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದನ್ನು ಇಲ್ಲಿ ನೆನೆದದ್ದಕ್ಕೆ ಕಾರಣವಿದೆ. ನೆಲದ ಮೇಲಿನ ತೋಡುಗಳ ನಕ್ಷೆಯನ್ನೇ ಪೂರ್ತಿ ಮಾಡಲಾಗದ ನಮ್ಮ ಜಿಲ್ಲೆಯಲ್ಲಿ ಗುಡ್ಡೆಯ ಹೊಟ್ಟೆಯೊಳಗಿನ ನೀರಿನ ದಾರಿಯನ್ನು ಒಬ್ಬರು ಹಾರೆಯಿಂದ ಹುಡುಕಿಕೊಂಡಿದ್ದಾರೆ.

ಫಲ್ಗುಣಿಯ ಕಡೆಗೆ ತಿರುಗಿ ಮೂಡುಬಿದಿರೆಗೂ ಹೋದೆ, ಹೆಚ್ಚು ಹೊತ್ತು ನಿಲ್ಲಲಿಲ್ಲ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಹೇಳಿಕೊಳ್ಳುವ ಊರು ಅದು. ಎತ್ತರದಲ್ಲಿರುವುದರಿಂದ ಅದರ ಸುತ್ತಿನ ನೀರು ಒಂದೇ ಹೊಳೆಗೆ ಹೋಗುವುದಿಲ್ಲ. ಹತ್ತಿರದ ಮಿಜಾರಿನಲ್ಲಿ ಹುಟ್ಟುತ್ತದೆನ್ನುವ ನಂದಿನಿ ಕಟೀಲಿನತ್ತ ಹೋದರೆ, ಈಚಿನ ಮಗ್ಗುಲಿನದು ಫಲ್ಗುಣಿಗೆ. ಅಂಥ ಊರಿಗೆ ಕೆರೆಗಳೇ ಮಳೆನೀರು ಚರಂಡಿಯ ಮೊದಲ ಕೊಂಡಿ. ಕಡಲಕೆರೆಯ ದಂಡೆಯಲ್ಲಿ ಸಂಜೆ ಕಳೆಯುವವರು ಬಹಳ. ಅದರ ಕೋಡಿ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದ ಹತ್ತಾರು ಮಂದಿಯಲ್ಲಿ ಸರಿಯಾಗಿ ದಾರಿ ತೋರಿಸಿದವರು ಒಬ್ಬ ರಿಕ್ಷಾ ಚಾಲಕರು.

ಬೆಳ್ತಂಗಡಿ ದಾರಿಯ ಏರಿನಲ್ಲಿ ಬೇರೆಯಾದ ನೀರು ಮಂಗಳೂರಿನಲ್ಲಿ ಮತ್ತೆ ಕೂಡುತ್ತದೆ. ನೇತ್ರಾವತಿ ತುಂಬೆ ಅಣೆಕಟ್ಟು ದಾಟಿ, ಫಲ್ಗುಣಿ ಮರವೂರು, ಕೂಳೂರು ದಾಟಿ, ಬೆಂಗ್ರೆ ಮತ್ತು ಉಳ್ಳಾಲದ ನಡುವಿನ ಅಳಿವೆಬಾಗಿಲಿನಲ್ಲಿ ಸಮುದ್ರಕ್ಕೆ. 2018ರ ಮೇ 29ರಂದು ಆ ನಗರ ಒಂದೇ ದಿನದ ಮಳೆಗೆ ಮುಳುಗಿದಾಗ ಎಲ್ಲರೂ ಹುಡುಕಿದ್ದು ರಾಜಕಾಲುವೆ ಎಲ್ಲಿತ್ತು ಎಂದು. 2022ರಲ್ಲಿ ಬೆಂಗಳೂರಿನಲ್ಲೂ ಅದೇ ಆಯಿತು, ಹಳೆಯ ಗ್ರಾಮನಕ್ಷೆಗಳನ್ನು ಹೊರತೆಗೆದು ಕಟ್ಟಡಗಳ ಅಡಿಯಲ್ಲಿ ಕಾಲುವೆ ಹುಡುಕಿದರು. ಅಳದಂಗಡಿಯಲ್ಲಿ ತೋಡಿನ ಮೇಲೆ ಕಟ್ಟಡ ಇನ್ನೂ ಹೆಚ್ಚು ಎದ್ದಿಲ್ಲ. ಈಗ ಬರೆದರೆ ಅಗ್ಗ.

ಇದಕ್ಕೆ ಡ್ರೋನ್ ಬೇಡ, ಸಲಹಾ ಸಂಸ್ಥೆ ಬೇಡ. ಪಂಚಾಯತಿಗೆ ಒಂದು ದೊಡ್ಡ ಕಾಗದ, ವಾರ್ಡಿಗೆ ಇಬ್ಬರು ಹುಡುಗರು, ಒಬ್ಬ ಅಜ್ಜ ಸಾಕು. ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ನಡೆಯಬೇಕು. ನೀವು ಈ ಸೀಮೆಯವರಾದರೆ ನಿಮ್ಮ ಮನೆಗೆ ಹತ್ತಿರದ ಮೋರಿಯಿಂದ ಶುರುಮಾಡಿ: ಅದರ ಬಾಯಿಯ ಅಗಲ, ಎತ್ತರ, ಹೂಳು, ಮೇಲಿನ ತೋಡು ಎಲ್ಲಿಂದ ಬರುತ್ತದೆ, ಕಳೆದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು. ಬರೆದದ್ದನ್ನು ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ ಎಂದು ಕೇಳಿ, ದಾಖಲಾದ ಪುಟದ ನಕಲು ಇಟ್ಟುಕೊಳ್ಳಿ. ಮುಂದೆ ಅದೇ ರಸ್ತೆ ಅಗಲ ಮಾಡಲು ಬರುವ ಎಂಜಿನಿಯರಿಗೆ ತೋರಿಸಲು ಅದು ಬೇಕಾಗುತ್ತದೆ.